ಊರಿಗೂ ಬರುವ ಲ್ಯಾಬ್: ಕ್ರ್ಯಾಕ್ ಬಿಟ್ಟು ಸ್ವತಂತ್ರ ತಂತ್ರಾಂಶದ ಕಡೆಗೆ



ರಜೆ ಬಂತೆಂದರೆ ನಮ್ಮ ಹಾಸ್ಟೆಲ್ ಅರ್ಧ ದಿನದಲ್ಲಿ ಖಾಲಿ. ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ದೇವದುರ್ಗದ ಬಸ್ ಹತ್ತುತ್ತಾನೆ, ಒಬ್ಬಳು ಮಾನ್ವಿ ಬಸ್ ಹತ್ತುತ್ತಾಳೆ. ಬಿಟ್ಟು ಬರಲು ಹೋದ ರಾಯಚೂರಿನವರು ಒಗ್ಗರಣಿ-ಮಿರ್ಚಿ ತಿಂದು ಮನೆ ಕಡೆ ನಡೆಯುತ್ತಾರೆ. ಎಲ್ಲರ ಬ್ಯಾಗಿನಲ್ಲೂ ಲ್ಯಾಪ್‌ಟಾಪ್ ಇರುತ್ತೆ. ಆದರೆ ಲ್ಯಾಬ್ ಮಾತ್ರ ಕಾಲೇಜಿನಲ್ಲೇ ಉಳಿದುಬಿಡುತ್ತೆ. ಯಾಕಂದ್ರೆ ಸಾಫ್ಟ್‌ವೇರಿನ ಲೈಸೆನ್ಸ್ ಇರೋದು ಲ್ಯಾಬಿನ ಕಂಪ್ಯೂಟರಿಗೆ, ನಮಗಲ್ಲ.

ನಮ್ಮ ಪ್ರಾಜೆಕ್ಟ್ ತಂಡದಲ್ಲಿ ನಾವು ನಾಲ್ವರು: ಇಬ್ಬರು ರಾಯಚೂರಿನವರು, ಒಬ್ಬ ದೇವದುರ್ಗದವನು, ಒಬ್ಬಳು ಮಾನ್ವಿಯವಳು. ಆರಿಸಿಕೊಂಡ ವಿಷಯ, ಕಾಲುವೆಯ ನೀರಿನ ಮಟ್ಟ ಅಳೆದು ಮೊಬೈಲಿಗೆ ಮೆಸೇಜ್ ಕಳಿಸುವ ಒಂದು ಸಣ್ಣ ಸಾಧನ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಮಾನ್ವಿ ಕಡೆಯ ರೈತರಿಗೆ ನೀರು ಯಾವಾಗ ಬರುತ್ತೆ, ಎಷ್ಟು ಬರುತ್ತೆ ಅನ್ನೋದು ವರ್ಷಾ ವರ್ಷಾ ಇರುವ ಚಿಂತೆ. ಹಾಗಾಗಿ ಈ ಪ್ರಾಜೆಕ್ಟು ಬರೀ ಮಾರ್ಕ್ಸಿಗೆ ಅಂತ ಇರಲಿಲ್ಲ.

ರಜೆಯಲ್ಲೂ ಕೆಲಸ ನಡೀಬೇಕಲ್ಲ? ಎಲ್ಲರೂ ಹಿಡಿಯುವ ದಾರಿಯನ್ನೇ ನಾವೂ ಹಿಡಿದೆವು. ಯಾರದೋ ಪೆನ್ ಡ್ರೈವ್‌ನಿಂದ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಂಡೆವು. 'ಮೊದಲು ಆ್ಯಂಟಿವೈರಸ್ ಆಫ್ ಮಾಡಿ' ಅಂತ ಅದರ ಜೊತೆಗಿದ್ದ ಟೆಕ್ಸ್ಟ್ ಫೈಲೇ ಹೇಳಿತ್ತು. ಹಾಗೇ ಮಾಡಿದೆವು. ಹತ್ತು ದಿನ ಆದ ಮೇಲೆ ದೇವದುರ್ಗದಿಂದ ಫೋನ್ ಬಂತು: "ಲೇ, ಒಂದ್ ಫೈಲೂ ತೆರೀವಲ್ದು. ಎಲ್ಲಾ ಫೈಲಿನ ಹೆಸರಿನ ಹಿಂದ ಏನೇನೋ ಅಕ್ಷರ ಬಂದಾವ. ರೊಕ್ಕ ಕೊಡ್ರಿ ಅಂತ ಇಂಗ್ಲಿಷಿನಾಗ ಬರದೈತಿ."

ಅದು ರ‍್ಯಾನ್ಸಮ್‌ವೇರ್. ಪ್ರಾಜೆಕ್ಟ್ ರಿಪೋರ್ಟು, ಸರ್ಕ್ಯೂಟ್ ಚಿತ್ರಗಳು, ಆರು ವಾರದ ರೀಡಿಂಗುಗಳು, ಜೊತೆಗೆ ಅವನ ತಂಗಿಯ ಸ್ಕಾಲರ್‌ಶಿಪ್ಪಿಗೆಂದು ಸ್ಕ್ಯಾನ್ ಮಾಡಿಟ್ಟಿದ್ದ ಕಾಗದಗಳು, ಎಲ್ಲಾ ಹೋದವು. ಬ್ಯಾಕಪ್ ಇರಲಿಲ್ಲ. ತಪ್ಪು ನಮ್ಮದೇ. ಅಂದು ಕೇಳಿಕೊಂಡ ಪ್ರಶ್ನೆ ಇಷ್ಟೇ: ದುಡ್ಡು ಕೊಟ್ಟು ಕೊಳ್ಳೋಕೆ ಆಗಲ್ಲ, ಕದ್ದದ್ದು ಬೇಡ. ಹಾಗಾದರೆ ಮೂರನೇ ದಾರಿ ಇದೆಯಾ? ಈ ಲೇಖನ ಆ ಮೂರನೇ ದಾರಿಯ ಬಗ್ಗೆ. ಎಲ್ಲಿ ನಡೆಯುತ್ತೆ, ಎಲ್ಲಿ ನಡೆಯಲ್ಲ, ಎರಡನ್ನೂ ಹೇಳುತ್ತೇವೆ.

ಪುಕ್ಕಟೆ ಬೇರೆ, ಸ್ವತಂತ್ರ ಬೇರೆ

ಇಂಗ್ಲಿಷಿನ 'ಫ್ರೀ' ಅನ್ನೋ ಪದಕ್ಕೆ ಎರಡು ಅರ್ಥ ಇರೋದರಿಂದ ಅಲ್ಲಿ ಯಾವಾಗಲೂ ಗೊಂದಲ. ಕನ್ನಡದಲ್ಲಿ ಆ ಕಷ್ಟ ಇಲ್ಲ. ಪುಕ್ಕಟೆ ಅಂದರೆ ದುಡ್ಡಿಲ್ಲದೆ ಸಿಗೋದು. ಸ್ವತಂತ್ರ ಅಂದರೆ ನಮ್ಮ ಕೈ ಕಟ್ಟಿಹಾಕದೆ ಇರೋದು. ಉದಾಹರಣೆಗೆ ಎಲ್‌ಟಿಸ್ಪೈಸ್ ಪುಕ್ಕಟೆ ಸಿಗುತ್ತೆ, ಒಳ್ಳೆಯದೂ ಹೌದು, ಆದರೆ ಅದರ ಸೋರ್ಸ್ ಕೋಡ್ ನಮಗೆ ಕಾಣಲ್ಲ. ಅದು ಪುಕ್ಕಟೆ, ಸ್ವತಂತ್ರ ಅಲ್ಲ. ಎನ್‌ಜಿಸ್ಪೈಸ್ ಪುಕ್ಕಟೆಯೂ ಹೌದು, ಸ್ವತಂತ್ರವೂ ಹೌದು.

1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಘೋಷಿಸಿದರು. 1989ರಲ್ಲಿ ಜಿಪಿಎಲ್ ಲೈಸೆನ್ಸಿನ ಮೊದಲ ಆವೃತ್ತಿ ಬಂತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ ಶುರು ಮಾಡಿ, ಮುಂದಿನ ವರ್ಷ ಅದನ್ನು ಜಿಪಿಎಲ್ ಅಡಿಗೆ ತಂದರು. ತಂತ್ರಾಂಶ ಸ್ವತಂತ್ರ ಅನ್ನಿಸಿಕೊಳ್ಳಲು ನಾಲ್ಕು ಹಕ್ಕು ಇರಬೇಕು. ಸಿ ಭಾಷೆಯ ಅರೇ ಇದ್ದಂಗೆ ಇವನ್ನೂ ಸೊನ್ನೆಯಿಂದಲೇ ಎಣಿಸುತ್ತಾರೆ:

0. ಯಾವ ಕೆಲಸಕ್ಕೆ ಬೇಕಾದರೂ ಓಡಿಸುವ ಹಕ್ಕು.
1. ಒಳಗೆ ಹೇಗಿದೆ ಅಂತ ಓದಿ, ಬೇಕಾದಂತೆ ಬದಲಿಸುವ ಹಕ್ಕು. ಇದಕ್ಕೆ ಸೋರ್ಸ್ ಕೋಡ್ ಸಿಗಲೇಬೇಕು.
2. ಪ್ರತಿ ಮಾಡಿ ಇನ್ನೊಬ್ಬರಿಗೆ ಕೊಡುವ ಹಕ್ಕು.
3. ನಾವು ಬದಲಿಸಿದ ಪ್ರತಿಯನ್ನೂ ಹಂಚುವ ಹಕ್ಕು.

ನಮ್ಮ ಮಟ್ಟಿಗೆ ಎರಡನೇ ಹಕ್ಕನ್ನು ಗಮನಿಸಿ. ಪೆನ್ ಡ್ರೈವ್‌ನಲ್ಲಿ ಗೆಳೆಯನಿಗೆ ಸಾಫ್ಟ್‌ವೇರ್ ಕೊಡೋದು ನಮ್ಮ ಹಾಸ್ಟೆಲಿನ ಹಳೇ ರೂಢಿ. ಅದೇ ಕೆಲಸ ಒಂದು ಕಡೆ ಅಪರಾಧ, ಇನ್ನೊಂದು ಕಡೆ ಲೈಸೆನ್ಸೇ ಕೊಟ್ಟ ಹಕ್ಕು.

ಅಪರಾಧ ಅಂದದ್ದು ಹೆದರಿಸೋಕಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು ನಕಲಿ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸುವವರ ಬಗ್ಗೆಯೇ ಇದೆ. ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲದಿದ್ದರೆ ಕೋರ್ಟು ಜೈಲು ಬಿಟ್ಟು 50,000ದವರೆಗೆ ದಂಡ ಮಾತ್ರ ಹಾಕಬಹುದು. ಹಾಸ್ಟೆಲ್ ಹುಡುಗನಿಗೆ ಅದೂ ಕಡಿಮೆ ಮೊತ್ತವಲ್ಲ.

'ಸ್ಟೂಡೆಂಟ್ ಲೈಸೆನ್ಸ್ ಐತಲ್ಲ?' ಅಂತ ಕೇಳಬಹುದು. ಇದ್ದರೆ ಬಳಸಿ, ಅದು ನ್ಯಾಯವಾದ ದಾರಿಯೇ. ಆದರೆ ಸಾಮಾನ್ಯವಾಗಿ ಅದಕ್ಕೆ ಅವಧಿ ಇರುತ್ತೆ, ಓದುತ್ತಿದ್ದೇವೆ ಅಂತ ತೋರಿಸಬೇಕು, ಅದರಿಂದ ಸಂಪಾದನೆ ಮಾಡುವಂತಿಲ್ಲ. ಡಿಗ್ರಿ ಮುಗಿದು ಊರಲ್ಲಿ ಸಣ್ಣ ಡಿಸೈನ್ ಕೆಲಸ ಶುರು ಮಾಡೋಣ ಅನ್ನುವ ಹೊತ್ತಿಗೇ ಅದು ಕೈಬಿಡುತ್ತೆ.

ಪ್ರಾಜೆಕ್ಟನ್ನು ಮತ್ತೆ ಕಟ್ಟಿದ್ದು

ಉಳಿದ ಕೆಲವೇ ವಾರಗಳಲ್ಲಿ ನಾವು ಪ್ರಾಜೆಕ್ಟನ್ನು ಮೂರು ಸ್ವತಂತ್ರ ತಂತ್ರಾಂಶಗಳಲ್ಲಿ ಮತ್ತೆ ಮಾಡಿದೆವು. ಒಂದೊಂದರಿಂದಲೂ ಒಂದೊಂದು ಪಾಠ.

ಮೊದಲನೆಯದು ಆಕ್ಟೇವ್. ಮ್ಯಾಟ್‌ಲ್ಯಾಬ್ ಬರೆಯೋಕೆ ಬಂದರೆ ಇದೂ ಬಂದಂತೆಯೇ. ಇದು ಹುಟ್ಟಿದ್ದೇ ವಿದ್ಯಾರ್ಥಿಗಳಿಗಾಗಿ. ಕೆಮಿಕಲ್ ರಿಯಾಕ್ಟರ್ ಡಿಸೈನ್ ಓದುವ ಮಕ್ಕಳು ವಿಷಯ ಕಲಿಯುವ ಬದಲು ಫೋರ್ಟ್ರಾನ್ ತಪ್ಪು ಹುಡುಕುವುದರಲ್ಲೇ ಸಮಯ ಕಳೆಯುತ್ತಿದ್ದರು. ಅದಕ್ಕೇ 1992ರಲ್ಲಿ ಜಾನ್ ಈಟನ್ ಇದನ್ನು ಬರೆಯಲು ಶುರು ಮಾಡಿ, ತಮ್ಮ ಮೇಷ್ಟ್ರು ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರಿಟ್ಟರು.

ನಮ್ಮ ಅಲ್ಟ್ರಾಸಾನಿಕ್ ಸೆನ್ಸರ್ ಆಗಾಗ ಸುಳ್ಳು ಹೇಳುತ್ತಿತ್ತು. ಐದು ರೀಡಿಂಗ್ ನೋಡಿ, ಸೆಂಟಿಮೀಟರಿನಲ್ಲಿ: 82, 83, 240, 82, 84. ನಡುವೆ ಕಸವೋ ಹುಲ್ಲೋ ಅಡ್ಡ ಬಂದು ಶಬ್ದದ ಅಲೆ ದಾರಿ ತಪ್ಪಿದೆ. ಸರಾಸರಿ ತೆಗೆದರೆ 571 ಭಾಗಿಸು 5, ಅಂದರೆ 114.2. ನೀರು ಒಮ್ಮೆಗೇ ಒಂದಡಿ ಇಳಿದಂತೆ ಕಾಣುತ್ತೆ, ರೈತನಿಗೆ ತಪ್ಪು ಮೆಸೇಜ್ ಹೋಗುತ್ತೆ. ಅದೇ ಐದನ್ನು ಏರಿಕೆ ಕ್ರಮದಲ್ಲಿಟ್ಟರೆ 82, 82, 83, 84, 240. ನಡುವಿನದು 83. ಇದೇ ಮೀಡಿಯನ್ ಫಿಲ್ಟರ್. ಆಕ್ಟೇವ್‌ನಲ್ಲಿ ಇದು ಒಂದೇ ಸಾಲಿನ ಕೆಲಸ.

ಲ್ಯಾಬ್ ಪರೀಕ್ಷೆಗೆ ಮ್ಯಾಟ್‌ಲ್ಯಾಬೇ ಇರುವವರಿಗೆ ಒಂದು ಕಿವಿಮಾತು. ಆಕ್ಟೇವ್‌ನಲ್ಲಿ ಕಾಮೆಂಟಿಗೆ ಹ್ಯಾಶ್ ಗುರುತು ಹಾಕಿದರೂ ನಡೆಯುತ್ತೆ, ಲೂಪ್ ಮುಗಿಸಲು 'ಎಂಡ್‌ಫಾರ್' ಅಂತ ಬರೆದರೂ ನಡೆಯುತ್ತೆ. ಮ್ಯಾಟ್‌ಲ್ಯಾಬ್ ಇವನ್ನು ಒಪ್ಪಲ್ಲ. ಆದ್ದರಿಂದ ಮೊದಲಿಂದಲೇ ಕಾಮೆಂಟಿಗೆ ಪರ್ಸೆಂಟ್ ಗುರುತು, ಮುಗಿಸಲು ಬರೀ 'ಎಂಡ್' ಬಳಸಿ. ಆಗ ಮನೆಯಲ್ಲಿ ಬರೆದ ಫೈಲು ಲ್ಯಾಬಿನಲ್ಲೂ ಓಡುತ್ತೆ.

ಎರಡನೆಯದು ಕೈಕ್ಯಾಡ್, ಪಿಸಿಬಿ ಬಿಡಿಸಲು. 1992ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜಾನ್-ಪಿಯರ್ ಶರಾ ಶುರು ಮಾಡಿದ್ದು. 2013ರಿಂದ ಸರ್ನ್ ಸಂಸ್ಥೆಯವರೂ ಇದನ್ನು ಬೆಳೆಸಿದ್ದಾರೆ. ಕಣಗಳನ್ನು ಡಿಕ್ಕಿ ಹೊಡೆಸುವ ಪ್ರಯೋಗಾಲಯಕ್ಕೆ ಸಾಕಾಗುವುದು ನಮ್ಮ ಎರಡು ಲೇಯರಿನ ಬೋರ್ಡಿಗೆ ಸಾಕಾಗದೇ? ಬೋರ್ಡ್ ಮಾಡಿಕೊಡುವವರು ಕೇಳಿದ್ದು ಗರ್ಬರ್ ಫೈಲ್ ಮಾತ್ರ. ಅದನ್ನು ಯಾವ ಸಾಫ್ಟ್‌ವೇರಿನಲ್ಲಿ ಮಾಡಿದ್ದೀರಿ ಅಂತ ಕೇಳಲೇ ಇಲ್ಲ.

ಮೂರನೆಯದು ಕ್ಯೂಜಿಐಎಸ್, ಭೂಪಟಕ್ಕೆ. ಸೆನ್ಸರ್ ಎಲ್ಲಿ ಇಡಬೇಕು ಅಂತ ತಿಳಿಯಲು ಕಾಲುವೆಯುದ್ದಕ್ಕೂ ಬೆಳೆ ಎಲ್ಲಿ ದಟ್ಟ, ಎಲ್ಲಿ ತೆಳು ಅಂತ ನೋಡಬೇಕಿತ್ತು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಯಾರಿಗಾದರೂ ಸಿಗುತ್ತವೆ. ಅದರ ನಾಲ್ಕನೇ ಬ್ಯಾಂಡ್ ಕೆಂಪು ಬೆಳಕು, ಎಂಟನೇ ಬ್ಯಾಂಡ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಎರಡರಲ್ಲೂ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ಹಸಿರೆಲೆ ಕೆಂಪನ್ನು ಹೀರಿಕೊಳ್ಳುತ್ತೆ, ಇನ್‌ಫ್ರಾರೆಡ್ಡನ್ನು ವಾಪಸ್ ಎಸೆಯುತ್ತೆ. ಹಾಗಾಗಿ ಎಂಟರಿಂದ ನಾಲ್ಕನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಮೈನಸ್ ಒಂದರಿಂದ ಒಂದರವರೆಗಿನ ಒಂದು ಸಂಖ್ಯೆ ಬರುತ್ತೆ. ಇದೇ ಎನ್‌ಡಿವಿಐ. ದಟ್ಟ ಬೆಳೆಗೆ ಹೆಚ್ಚು, ಬರಿ ನೆಲಕ್ಕೆ ಸೊನ್ನೆಗಿಂತ ಸ್ವಲ್ಪ ಮೇಲೆ, ನೀರಿಗೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ. ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಸೂತ್ರ ಬರೆದರೆ ಮುಗೀತು.

ನಾವು ಎಡವಿದ್ದು ಒಂದು ಕಡೆ. 2022ರ ಜನವರಿ ಕೊನೆಯ ನಂತರ ಸಂಸ್ಕರಿಸಿದ ಸೆಂಟಿನೆಲ್-2 ಫೈಲುಗಳಲ್ಲಿ ಪ್ರತಿ ಚುಕ್ಕೆಯ ಬೆಲೆಗೆ 1000 ಸೇರಿಸಿರುತ್ತಾರೆ. ಅದನ್ನು ಮೊದಲು ಕಳೆಯಬೇಕು. ಕಳೆಯದಿದ್ದರೆ ಅಂಶ ಅಷ್ಟೇ ಇರುತ್ತೆ, ಛೇದ 2000 ಹಿಗ್ಗುತ್ತೆ, ಬೆಳೆ ಇರುವುದಕ್ಕಿಂತ ತೆಳುವಾಗಿ ಕಾಣುತ್ತೆ.

ಮಾನ್ವಿಯ ಗೆಳತಿ ಆ ನಕ್ಷೆಯನ್ನು ಮನೆಯಲ್ಲೇ ತೆರೆದು ಅಪ್ಪನಿಗೆ ತೋರಿಸಿದಳು. ತೆಳು ಹಸಿರಿನ ಜಾಗವನ್ನು ನೀರು ಬರದ ಜಾಗ ಅಂತ ನಾವು ಗುರುತು ಹಾಕಿದ್ದೆವು. ಅವರು ನೋಡಿ ಅಂದರಂತೆ: "ಇಲ್ಲಿ ನೀರಿಲ್ಲ ಅಂತಲ್ಲವ್ವ, ಇಲ್ಲಿ ಹತ್ತಿ ಹಾಕ್ಯಾರ. ಭತ್ತ ಇರೋದು ಈ ಕಡಿ." ಒಂದೇ ಮಾತಿನಲ್ಲಿ ನಮ್ಮ ಅರ್ಧ ಅಧ್ಯಾಯ ತಿದ್ದಿಹೋಯಿತು. ಲ್ಯಾಬಿನ ಕಂಪ್ಯೂಟರಿನಲ್ಲೇ ನಕ್ಷೆ ಉಳಿದಿದ್ದರೆ ಈ ತಪ್ಪು ಹಿಡಿಯುವವರು ಯಾರಿದ್ದರು? ಹೊಲ ಗೊತ್ತಿದ್ದವರ ಮುಂದೆ ಕೆಲಸವನ್ನು ತೆರೆದಿಡಲು ಆಯ್ತಲ್ಲ, ಸ್ವತಂತ್ರ ತಂತ್ರಾಂಶದಿಂದ ನಮಗೆ ಸಿಕ್ಕ ದೊಡ್ಡ ಲಾಭ ಅದೇ. ದುಡ್ಡು ಉಳಿದದ್ದು ಆಮೇಲಿನ ಮಾತು.

ಯಾವ ಬ್ರಾಂಚಿಗೆ ಏನು?

ಮೆಕ್ಯಾನಿಕಲ್: 3ಡಿ ಮಾಡೆಲಿಂಗಿಗೆ ಫ್ರೀಕ್ಯಾಡ್. ಇದರ 1.0 ಆವೃತ್ತಿ ಬಂದದ್ದು 2024ರ ನವೆಂಬರಿನಲ್ಲಿ. ಹರಿವಿನ ಲೆಕ್ಕಕ್ಕೆ ಓಪನ್‌ಫೋಮ್.
ಸಿವಿಲ್: 2ಡಿ ಚಿತ್ರಕ್ಕೆ ಲಿಬ್ರೆಕ್ಯಾಡ್, ಭೂಪಟಕ್ಕೆ ಕ್ಯೂಜಿಐಎಸ್.
ಎಲೆಕ್ಟ್ರಾನಿಕ್ಸ್: ಕೈಕ್ಯಾಡ್, ಎನ್‌ಜಿಸ್ಪೈಸ್. ಇವೆರಡನ್ನೂ ಸೇರಿಸಿ ಐಐಟಿ ಬಾಂಬೆಯ ಫಾಸೀ ತಂಡ ಕಟ್ಟಿದ ಇಸಿಮ್.
ಎಲೆಕ್ಟ್ರಿಕಲ್: ಆಕ್ಟೇವ್ ಮೇಲೆ ಓಡುವ ಮ್ಯಾಟ್‌ಪವರ್. ಶಕ್ತಿನಗರದ ಥರ್ಮಲ್ ಸ್ಥಾವರ ನೋಡಿಬಂದು ಗ್ರಿಡ್ ಹೇಗೆ ನಡೆಯುತ್ತೆ ಅಂತ ತಲೆ ಕೆಡಿಸಿಕೊಂಡವರು ಇದರ 14 ಬಸ್ಸಿನ ಉದಾಹರಣೆಯಿಂದ ಲೋಡ್ ಫ್ಲೋ ಶುರು ಮಾಡಬಹುದು.
ಎಲ್ಲರಿಗೂ: ರಿಪೋರ್ಟಿಗೆ ಲಿಬ್ರೆಆಫೀಸ್ ಅಥವಾ ಲೇಟೆಕ್, ಚಿತ್ರಕ್ಕೆ ಇಂಕ್‌ಸ್ಕೇಪ್, ಫೋಟೋಗೆ ಗಿಂಪ್, ಉಳಿದೆಲ್ಲಕ್ಕೂ ಪೈಥಾನ್.

ಎಲ್ಲಿ ನಡೆಯಲ್ಲ

ಎಲ್ಲದಕ್ಕೂ ಬದಲಿ ಇದೆ ಅಂದರೆ ಸುಳ್ಳಾಗುತ್ತೆ. ಸಿಮ್ಯುಲಿಂಕ್‌ಗೆ ಆಕ್ಟೇವ್‌ನಲ್ಲಿ ಉತ್ತರ ಇಲ್ಲ. ಸೈಲ್ಯಾಬಿನ ಎಕ್ಸ್‌ಕಾಸ್ ಹತ್ತಿರ ಬರುತ್ತೆ, ಆದರೆ ಸಿಮ್ಯುಲಿಂಕ್ ಫೈಲನ್ನು ನೇರವಾಗಿ ಕೊಟ್ಟರೆ ಓಡಿಸಲ್ಲ. ಭಾರತೀಯ ಮಾನಕ ಸಂಕೇತಗಳ ಪ್ರಕಾರ ಕಟ್ಟಡವನ್ನು ಪರೀಕ್ಷಿಸುವ ಸ್ಟಾಡ್, ಈಟ್ಯಾಬ್ಸ್‌ಗಳಿಗೆ ಸರಿಸಾಟಿಯಾದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಆಟೋಕ್ಯಾಡಿನ ಡಿಡಬ್ಲ್ಯೂಜಿ ಫೈಲನ್ನು ಬೇರೆಡೆ ತೆರೆದಾಗ ಕೆಲವೊಮ್ಮೆ ಅಕ್ಷರ, ಗೆರೆ ಜಾಗ ಬಿಡುತ್ತವೆ. ಡಿಎಕ್ಸ್‌ಎಫ್ ಆಗಿ ಉಳಿಸಿಕೊಂಡರೆ ತೊಂದರೆ ಕಡಿಮೆ. ಫ್ರೀಕ್ಯಾಡ್ ಕಲಿಯಲು ಮೊದಲ ವಾರ ಸಿಟ್ಟು ಬರುತ್ತೆ, ನಮಗೂ ಬಂದಿತ್ತು.

"ಕಂಪನಿಯವರು ಆಟೋಕ್ಯಾಡ್ ಬರ್ತದೇನು ಅಂತ ಕೇಳ್ತಾರಲ್ರೀ?" ಅಂತ ಜೂನಿಯರ್‌ಗಳು ಕೇಳುತ್ತಾರೆ. ಹೌದು, ಕೇಳುತ್ತಾರೆ. ಅದಕ್ಕೆ ನಮ್ಮ ಉತ್ತರ: ಲ್ಯಾಬಿನ ಅವಧಿಯನ್ನು ಪೂರ್ತಿ ಆಟೋಕ್ಯಾಡಿಗೆ ಕೊಡಿ, ಲೈಸೆನ್ಸ್ ಇರುವ ಕಡೆ ಚೆನ್ನಾಗಿ ಕಲಿಯಿರಿ. ಲ್ಯಾಬಿನ ಹೊರಗಿನ ಅಭ್ಯಾಸಕ್ಕೆ ಸ್ವತಂತ್ರವಾದದ್ದನ್ನು ಇಟ್ಟುಕೊಳ್ಳಿ. ಇದು ಎರಡು ದೋಣಿಯಲ್ಲಿ ಕಾಲಿಟ್ಟಂತೆ ಅಲ್ಲ. ಪ್ರೊಜೆಕ್ಷನ್ ಗೊತ್ತಿದ್ದವನಿಗೆ ಮೆನು ಎಲ್ಲಿದೆ ಅಂತ ಹುಡುಕೋದು ಎರಡು ವಾರದ ಕೆಲಸ. ಪ್ರೊಜೆಕ್ಷನ್ನೇ ಗೊತ್ತಿಲ್ಲದವನಿಗೆ ಯಾವ ಸಾಫ್ಟ್‌ವೇರೂ ಕಲಿಸಲ್ಲ.

ಕನ್ನಡದ ಲೆಕ್ಕ

ನಮ್ಮ ಸಂಘಕ್ಕೆ ಇದು ಇನ್ನೂ ಹತ್ತಿರದ ವಿಷಯ. ಸಂಘದ ಹಳೆಯ ಸಂಚಿಕೆಗಳ ಸಿಡಿ ಸಿಕ್ಕಾಗ ಖುಷಿಯಿಂದ ತೆರೆಯಲು ಹೋದೆವು. ಪುಟಗಳನ್ನು ಜೋಡಿಸಿದ್ದ ಸಾಫ್ಟ್‌ವೇರು ಈಗ ಬಳಕೆಯಲ್ಲೇ ಇಲ್ಲ. ಹೇಗೋ ಪಠ್ಯ ಹೊರತೆಗೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕಾರಣ ಸರಳ. ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಫಾಂಟ್ ಇಲ್ಲದಿದ್ದರೆ ಕನ್ನಡವೇ ಇಲ್ಲ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಯಾವ ಒಬ್ಬ ಕಂಪನಿಯ ಫಾಂಟನ್ನೂ ಅದು ನೆಚ್ಚಿಲ್ಲ. ನಾವು ಆ ಲೇಖನಗಳನ್ನು ಪರಿವರ್ತಕದಲ್ಲಿ ಹಾಕಿ, ಉಳಿದ ತಪ್ಪುಗಳನ್ನು ಕೈಯಾರೆ ತಿದ್ದುತ್ತಿದ್ದೇವೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಲಿನಕ್ಸಿನಲ್ಲಿ 'ಕಗಪ' ಅನ್ನುವ ಹೆಸರಿನಲ್ಲಿ ಸಿಗುತ್ತೆ. ನುಡಿಯಲ್ಲಿ ಟೈಪ್ ಮಾಡಿ ರೂಢಿ ಇದ್ದವರು ಬೆರಳು ಬದಲಿಸಬೇಕಿಲ್ಲ.

ತಂತ್ರಾಂಶ ಬಿಟ್ಟರೂ ಕೆಲಸ ಉಳಿಯಬೇಕು. ಅದಕ್ಕೆ ಎಲ್ಲರೂ ಓದಬಲ್ಲ ಮುಕ್ತ ಫೈಲ್ ಮಾದರಿ ಬೇಕು. ನಮ್ಮ ಹಳೆಯ ಸಂಚಿಕೆ ಕಲಿಸಿದ್ದು ಇದನ್ನೇ.

ನಾವೇ ಮೊದಲಿಗರಲ್ಲ

ಗಡಿಯಾಚೆ ನೋಡಿ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರ್ ಪಾಠ ಹಲವು ವರ್ಷಗಳಿಂದ ಸ್ವತಂತ್ರ ತಂತ್ರಾಂಶದ ಮೇಲೆಯೇ ನಡೆದಿದೆ. ಅಲ್ಲಿನ ಹತ್ತನೇ ತರಗತಿಯ ಪುಸ್ತಕದಲ್ಲಿ ಇಂಕ್‌ಸ್ಕೇಪ್, ಪೈಥಾನ್, ಕ್ಯೂಜಿಐಎಸ್ ಪಾಠಗಳು ಬಂದಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪುಸ್ತಕ ಕನ್ನಡದಲ್ಲೇ ಸಿಗುತ್ತೆ. ನಾವು ಫೈನಲ್ ಇಯರಿನಲ್ಲಿ ಕಂಡ ಕ್ಯೂಜಿಐಎಸ್ ಅವರಿಗೆ ಹೈಸ್ಕೂಲಿನಲ್ಲೇ ಪರಿಚಯ! ಭಾರತ ಸರಕಾರವೂ 2015ರಲ್ಲಿ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ತಂದಿದೆ.

ಕಲಿಸುವವರು ಇಲ್ಲ ಅನ್ನುವ ಮಾತಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಉತ್ತರ. ಹತ್ತು ನಿಮಿಷದ ಆಸುಪಾಸಿನ ಪಾಠಗಳು, ಎಷ್ಟೋ ಕನ್ನಡದಲ್ಲೂ ಇವೆ. ಕಾಲೇಜಿನ ವೈಫೈಯಲ್ಲಿ ಇಳಿಸಿಕೊಂಡು ಊರಲ್ಲಿ ನೆಟ್ ಇಲ್ಲದೆ ನೋಡಬಹುದು.

ಶುರು ಮಾಡೋದು ಹೇಗೆ?

1. ಮೊದಲು ಬ್ಯಾಕಪ್. ನಮ್ಮ ಕಥೆ ಓದಿದಿರಲ್ಲ, ಇದಕ್ಕೆ ಹೆಚ್ಚು ವಿವರಣೆ ಬೇಡ.
2. ಲಿನಕ್ಸಿಗೆ ಒಮ್ಮೆಗೇ ಹಾರಬೇಡಿ. ಮೇಲೆ ಹೇಳಿದ ತಂತ್ರಾಂಶಗಳಲ್ಲಿ ಹೆಚ್ಚಿನವು ವಿಂಡೋಸ್‌ನಲ್ಲೂ ಓಡುತ್ತವೆ. ಒಂದು ಸೆಮಿಸ್ಟರಿಗೆ ಒಂದೇ ಸಬ್ಜೆಕ್ಟ್ ಆರಿಸಿ, ಅದರ ಅಭ್ಯಾಸವೆಲ್ಲ ಸ್ವತಂತ್ರ ತಂತ್ರಾಂಶದಲ್ಲೇ ಮಾಡಿ ನೋಡಿ.
3. ಲಿನಕ್ಸ್ ನೋಡಬೇಕು ಅನ್ನಿಸಿದರೆ ಪೆನ್ ಡ್ರೈವ್‌ನಿಂದ ಲೈವ್ ಆಗಿ ಓಡಿಸಿ. ಹಾರ್ಡ್ ಡಿಸ್ಕ್ ಮುಟ್ಟಬೇಕಿಲ್ಲ. 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅಥವಾ ಲುಬುಂಟು ಸಾಕು.
4. ಆಯಾ ಯೋಜನೆಯ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಸ್ವತಂತ್ರ ತಂತ್ರಾಂಶದ ಹೆಸರಿನಲ್ಲೂ ವೈರಸ್ ಹಂಚುವವರಿದ್ದಾರೆ.
5. ತಪ್ಪು ಕಂಡರೆ ಬಗ್ ರಿಪೋರ್ಟ್ ಬರೆಯಿರಿ. ಕನ್ನಡ ಬರುವವರು ಅನುವಾದಕ್ಕೆ ಕೈಹಾಕಿ. ನಿಮ್ಮ ಹೆಸರಿನಲ್ಲಿ ಎಲ್ಲರಿಗೂ ಕಾಣುವ ಕೆಲಸ ಅದು. ರೆಸ್ಯೂಮೆಯಲ್ಲಿ ಬರೆಯೋಕೂ ಬರುತ್ತೆ.

ನಮ್ಮ ಸಂಘದಲ್ಲಿ ಈಗ ಒಂದು ಪೆನ್ ಡ್ರೈವ್ ಇಟ್ಟಿದ್ದೇವೆ. ಈ ಲೇಖನದ ಬಹುಪಾಲು ತಂತ್ರಾಂಶ, ಕೆಲವು ಕನ್ನಡ ಪಾಠಗಳು ಅದರಲ್ಲಿವೆ. ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಿ, ಊರಿಗೆ ಒಯ್ಯಿರಿ, ಇನ್ನೊಬ್ಬರಿಗೂ ಕೊಡಿ. ದೇವದುರ್ಗದ ಗೆಳೆಯ ಈಗಾಗಲೇ ತನ್ನ ತಂಗಿಗೆ ಲಿಬ್ರೆಆಫೀಸ್ ಹಾಕಿಕೊಟ್ಟಿದ್ದಾನೆ. ಕಳೆದುಹೋದ ಕಾಗದಗಳನ್ನು ಮತ್ತೆ ಸ್ಕ್ಯಾನ್ ಮಾಡಿಸಿದ್ದಾನೆ, ಈ ಸಲ ಎರಡು ಕಡೆ ಇಟ್ಟಿದ್ದಾನೆ. ಮುಂದಿನ ರಜೆಗೆ ಬಸ್ ಹತ್ತುವ ಮುಂಚೆ ನೀವೂ ಒಮ್ಮೆ ಸಂಘದ ಕಡೆ ಬಂದು ಹೋಗಿ.